ಜ್ವರ ಇದ್ದಾಗ ಸೂರ್ಯ ನಮಸ್ಕಾರ ಬಿಡಬೇಕಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ಮೈಸೂರಿನವಳು, ವಯಸ್ಸು 44. ದಿನಾ ಬೆಳಿಗ್ಗೆ 12 ಸೂರ್ಯ ನಮಸ್ಕಾರ, ನಿಂತು ಮಾಡುವ ಆಸನಗಳು, ಸರ್ವಾಂಗಾಸನ, ಕೊನೆಗೆ ಕಪಾಲಭಾತಿ (ಹೊಟ್ಟೆ ಒಳಗೆಳೆದು ಜೋರಾಗಿ ಉಸಿರು ಬಿಡುವುದು). ಈಗ ಮೂರು ದಿನದಿಂದ ಜ್ವರ, 101 ಡಿಗ್ರಿವರೆಗೂ ಹೋಗುತ್ತೆ. ಮೈಕೈ ನೋವು, ಸ್ವಲ್ಪ ಕೆಮ್ಮು. ಮಾತ್ರೆ ತಗೊಂಡರೆ ಇಳಿಯುತ್ತೆ, ಆ ಹೊತ್ತಲ್ಲಿ ಮಾಡಿಬಿಡೋಣ ಅನಿಸುತ್ತೆ. ಚೆನ್ನಾಗಿ ಬೆವರಿದರೆ ಜ್ವರ ಬಿಟ್ಟುಹೋಗುತ್ತೆ ಅಂತ ಕ್ಲಾಸಿನಲ್ಲಿ ಒಬ್ಬರು ಹೇಳಿದರು. ಮನೆಯವರು ಬೈತಿದ್ದಾರೆ. ಬಿಟ್ಟರೆ ಮತ್ತೆ ಶುರು ಮಾಡೋದು ಕಷ್ಟ ಅಂತ ನನ್ನ ಭಯ.

ಉತ್ತರ (ಯೋಗ, ಪ್ರಕೃತಿ ಚಿಕಿತ್ಸೆ ವೈದ್ಯೆ): ಮನೆಯವರ ಮಾತು ಕೇಳಿ. ಜ್ವರದಲ್ಲಿ ಸೂರ್ಯ ನಮಸ್ಕಾರ ಬೇಡ.

ಬೆವರಿನ ವಿಷಯ ಮೊದಲು ಹೇಳ್ತೀನಿ, ಯಾಕೆಂದರೆ ಇದನ್ನು ನಂಬುವವರು ಬಹಳ ಜನ. ಜ್ವರ ಇಳಿಯುವಾಗ ಬೆವರು ಬರುತ್ತೆ ನಿಜ. ಆದರೆ ಬೆವರಿದ್ದಕ್ಕೆ ಜ್ವರ ಇಳಿಯೋದಲ್ಲ, ಇಳಿಯುತ್ತಿರೋದಕ್ಕೆ ಬೆವರು ಬರೋದು. ವ್ಯಾಯಾಮ ಮಾಡಿ ಬೆವರಿಳಿಸಿದರೆ ಮೈ ಇನ್ನಷ್ಟು ಬಿಸಿಯಾಗುತ್ತೆ, ಇದ್ದ ನೀರೂ ಹೋಗುತ್ತೆ. ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ನಿಮಿಷಕ್ಕೆ ಸುಮಾರು 10 ಬಡಿತ ಜಾಸ್ತಿಯಾಗುತ್ತೆ. ಅಂದರೆ ನೀವು ಸುಮ್ನೆ ಮಲಗಿದ್ದರೂ ಹೃದಯ ಹೆಚ್ಚಿಗೆ ದುಡಿಯುತ್ತಿದೆ. ಕೆಲವು ವೈರಲ್ ಜ್ವರಗಳಲ್ಲಿ ಹೃದಯದ ಸ್ನಾಯುವಿಗೇ ಊತ ಬರುವುದುಂಟು. ಅಪರೂಪ, ಆದರೆ ಆಗ ದೇಹ ದಂಡಿಸಿದರೆ ಅಪಾಯ. ಮಾತ್ರೆಯಿಂದ ಇಳಿಯೋದು ಬರೀ ಬಿಸಿ, ಕಾಯಿಲೆ ಒಳಗೇ ಇರುತ್ತೆ. ಹಾಗಾಗಿ "ಮಾತ್ರೆ ತಗೊಂಡು ಮಾಡ್ತೀನಿ" ಅನ್ನೋ ಲೆಕ್ಕಾಚಾರ ಬಿಟ್ಟುಬಿಡಿ.

ಇನ್ನೊಂದು, ಮೂರು ದಿನ ಆಗಿದೆ ಅಂತೀರಿ. ಇವತ್ತೇ ಡಾಕ್ಟರ್ ಹತ್ತಿರ ಹೋಗಿ, ಡೆಂಗಿ ಪರೀಕ್ಷೆ ಬೇಕಾ ಕೇಳಿ. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೇ ಕಷ್ಟದ ದಿನಗಳು ಶುರುವಾಗಬಹುದು. ಹೊಟ್ಟೆನೋವು, ಬಿಡದ ವಾಂತಿ, ವಸಡಲ್ಲಿ ರಕ್ತ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಅಲ್ಲಿವರೆಗೂ ಪ್ಯಾರಾಸಿಟಮಾಲ್ ಒಂದೇ. ಬ್ರುಫೆನ್, ಆಸ್ಪಿರಿನ್ ಮುಟ್ಟಬೇಡಿ.

ನಿಮ್ಮ ಭಯಕ್ಕೆ ಬರೋಣ. ಅದೇ ಹೊತ್ತಿಗೆ ಎಚ್ಚರವಾದರೆ ಅದೇ ಚಾಪೆ ಹಾಸಿ. ಎರಡು ದಿಂಬನ್ನು ಉದ್ದಕ್ಕೆ ಜೋಡಿಸಿ ಬೆನ್ನಿಂದ ತಲೆವರೆಗೂ ಆಸರೆ ಕೊಡಿ, ತಲೆ ಎದೆಗಿಂತ ಮೇಲಿರಲಿ, ಕೆಮ್ಮು ಕಡಿಮೆಯಾಗುತ್ತೆ. ಮಂಡಿ ಕೆಳಗೆ ಸುತ್ತಿದ ಕಂಬಳಿ. ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು. ತಡೆದು ಹಿಡಿಯಬೇಡಿ. ನಿದ್ದೆ ಬಂದರೆ ಮಲಗಿಬಿಡಿ, ನಷ್ಟವೇನಿಲ್ಲ.

ಪ್ರತಿಕ್ರಿಯೆ: ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಕಾಯಿಲೆಯನ್ನು ಯೋಗದಿಂದಲೇ ಗೆದ್ದರಲ್ವಾ? ನೀವು ನೋಡಿದರೆ ಬಿಡಿ ಅಂತೀರಿ.

ಉತ್ತರ: ಕೋಲಾರದ ಬೆಳ್ಳೂರಿನ ಆ ಹುಡುಗ ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲ ಕಂಡು ಸೊರಗಿದ್ದ. 1934ರಲ್ಲಿ ಭಾವ, ಯೋಗ ಗುರು ಕೃಷ್ಣಮಾಚಾರ್ಯರ ಮನೆಗೆ, ಮೈಸೂರಿಗೆ ಬಂದಿದ್ದು. ಕಾಯಿಲೆ ಬಿಟ್ಟುಹೋದ ನಿಶ್ಶಕ್ತಿಯನ್ನು ಅವರು ವರ್ಷಗಟ್ಟಲೆ ಅಭ್ಯಾಸದಿಂದ ಕಳೆದುಕೊಂಡರು. 101 ಜ್ವರದಲ್ಲಿ ಮಾಡಿ ಅನ್ನೋದಕ್ಕೆ ಇದು ಸಾಕ್ಷಿ ಆಗಲ್ಲ. ಅಲ್ಲದೆ ರೋಗಿಗಳಿಗೆ ದಿಂಬು, ಕುರ್ಚಿ, ಹಗ್ಗ ಕೊಟ್ಟು ಆಸನ ಮಾಡಿಸಿದವರೂ ಅವರೇ. ಯೋಗಸೂತ್ರದಲ್ಲಿ ಪತಂಜಲಿ ಹೇಳುವ, ಯೋಗಕ್ಕೆ ಬರುವ ಒಂಬತ್ತು ಅಡ್ಡಿಗಳಲ್ಲಿ ವ್ಯಾಧಿಯೇ ಮೊದಲನೆಯದು. ಹಳೆಯ ಯೋಗ ಗ್ರಂಥ ಹಠಯೋಗ ಪ್ರದೀಪಿಕೆಯ ಎರಡನೇ ಅಧ್ಯಾಯ ಇನ್ನೂ ನೇರ: ಪ್ರಾಣಾಯಾಮ ಸರಿಯಾಗಿ ಮಾಡಿದರೆ ರೋಗ ಹೋಗುತ್ತೆ, ತಪ್ಪಾಗಿ ಮಾಡಿದರೆ ರೋಗ ಬರುತ್ತೆ.

ಪ್ರಶ್ನೆ: ಮೇಡಂ, ನನಗೆ ಜ್ವರ ಇಲ್ಲ, ಬರೀ ಶೀತ, ಮೂಗು ಕಟ್ಟಿದೆ. ಶೀರ್ಷಾಸನ, ಜಲನೇತಿ (ಉಪ್ಪು ನೀರಿನಿಂದ ಮೂಗು ತೊಳೆಯುವುದು) ಮಾಡಬಹುದಾ?

ಉತ್ತರ: ಹಗುರ ಆಸನ ಮಾಡಿ, ತೊಂದರೆಯಿಲ್ಲ. ತಲೆ ಕೆಳಗಾಗುವುದೆಲ್ಲ ಬೇಡ, ಹಣೆ, ಕೆನ್ನೆಯಲ್ಲಿ ಒತ್ತಡ ಜಾಸ್ತಿಯಾಗಿ ತಲೆ ಸಿಡಿಯುತ್ತೆ. ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವ ಭ್ರಾಮರಿ ಮಾಡಿ ನೋಡಿ. ಮೂಗು ಪೂರ್ತಿ ಕಟ್ಟಿದ್ದರೆ ಜಲನೇತಿಗೆ ಹೋಗಬೇಡಿ. ಸ್ವಲ್ಪ ಬಿಟ್ಟ ಮೇಲೆ ಮಾಡುವುದಾದರೆ ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರೇ ಆಗಬೇಕು, ಅರ್ಧ ಲೀಟರಿಗೆ ಒಂದು ಸಣ್ಣ ಚಮಚ ಉಪ್ಪು. ನಲ್ಲಿ ನೀರು, ಬೋರ್ ನೀರು ನೇರವಾಗಿ ಖಂಡಿತ ಬೇಡ. ಅಮೀಬಾ ಮೂಗಿನಿಂದ ಮೆದುಳಿಗೆ ಹೋಗಿ ಜೀವಕ್ಕೇ ಕುತ್ತಾದ ಪ್ರಕರಣಗಳು ಪಕ್ಕದ ಕೇರಳದಲ್ಲೇ ಆಗಿವೆ. ಆಮೇಲೆ ಬಗ್ಗಿ ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಗಾಳಿ ಹೊರಗೆ ಊದಿ. ಜೋರಾಗಿ ಊದಿದರೆ ನೀರು ಕಿವಿ ಕಡೆ ನುಗ್ಗುತ್ತೆ.

ಮೊದಲು ಕೇಳಿದವರು: ಡಾಕ್ಟ್ರೇ, ಡೆಂಗಿ ಅಲ್ಲವಂತೆ, ವೈರಲ್ ಅಂದರು. ಈಗ ಜ್ವರ ಇಲ್ಲ. ನಾಳೆಯಿಂದ ಶುರು ಮಾಡಲಾ?

ಉತ್ತರ: ಮಾತ್ರೆ ಇಲ್ಲದೆ ಪೂರ್ತಿ ಒಂದು ದಿನ ಜ್ವರ ಬಾರದೆ ಇರಬೇಕು. ಎದ್ದ ತಕ್ಷಣ ಮಲಗಿದ್ದಲ್ಲೇ ನಾಡಿ ಎಣಿಸಿ, ಮಾಮೂಲಿಗಿಂತ ಹತ್ತು ಜಾಸ್ತಿ ಇದ್ದರೆ ಅವತ್ತೂ ವಿಶ್ರಾಂತಿ. ಸರಿಯಿದ್ದರೆ ನೆಟ್ಟಗೆ ನಿಲ್ಲುವ ತಾಡಾಸನ, ಬೆಕ್ಕಿನ ಭಂಗಿಯ ಮಾರ್ಜರಿ, ಕೂತು ಮಾಡುವ ಒಂದೆರಡು ಆಸನ, ಶವಾಸನ. ಮಾರನೇ ದಿನ ಸುಸ್ತು ಕಾಣದಿದ್ದರೆ ಎರಡು ಮೂರು ಸೂರ್ಯ ನಮಸ್ಕಾರ, ನಿಧಾನಕ್ಕೆ. ಹನ್ನೆರಡಕ್ಕೆ ಹೋಗಲು ಒಂದೆರಡು ವಾರ ಬಿಡಿ. ಎದೆ ನೋವು, ಎದೆ ಹಾರುವುದು, ಮೆಟ್ಟಿಲು ಹತ್ತಿದರೆ ಮುಂಚೆ ಇಲ್ಲದ ಏದುಸಿರು, ಇದರಲ್ಲಿ ಒಂದು ಕಂಡರೂ ನಿಲ್ಲಿಸಿ ತೋರಿಸಿಕೊಳ್ಳಿ. ಕಪಾಲಭಾತಿ ಎಲ್ಲಕ್ಕಿಂತ ಕೊನೆಗೆ. ಹೊಟ್ಟೆ ಒಳಗೆಳೆದ ಕೂಡಲೇ ಕೆಮ್ಮು ಕೆರಳಿದರೆ ಇನ್ನೊಂದು ವಾರ ಮುಂದೂಡಿ.