ಸಂಜೆ ಹೊತ್ತಿಗೆ ಅರ್ಧ ಚಾನೆಲ್ ಚೌಕ ಚೌಕ ಒಡೆಯುತ್ತೆ, ಸಿಗ್ನಲ್ ಮಾತ್ರ ಫುಲ್ ತೋರಿಸುತ್ತೆ!

ತುಂಗಾತೀರ:
ಮೂರು ವಾರದಿಂದ ಇದೇ ಗೋಳು. ಸಂಜೆ ಏಳರ ಮೇಲೆ ಅರ್ಧದಷ್ಟು ಚಾನೆಲ್ ಚೌಕ ಚೌಕ ಒಡೆದು, ಮಾತು ತುಂಡು ತುಂಡಾಗಿ, ಕೊನೆಗೆ 'ಸಿಗ್ನಲ್ ಇಲ್ಲ' ಅಂತ ನಿಂತುಬಿಡುತ್ತೆ. ಉಳಿದರ್ಧಕ್ಕೆ ಚೂರೂ ತೊಂದರೆ ಇಲ್ಲ. ಡಿಷ್ ಮುಂದೆ ಸಿಗ್ನಲ್ ಹಿಡಿಯೋ ಎಲ್‌ಎನ್‌ಬಿ ಹೊಸದು ಹಾಕಿದ್ದಾಯ್ತು, ಎಚ್‌ಡಿಎಂಐ ಕೇಬಲ್ ಬದಲಾಯಿಸಿದ್ದಾಯ್ತು. ಡಿಟಿಎಚ್‌ನವರು ಬೆಳಗ್ಗೆ ಬಂದು ನೋಡಿ ಎಲ್ಲ ಸರಿ ಇದೆ ಅಂತ ಹೇಳಿ ಹೋದರು. ತೀರ್ಥಹಳ್ಳಿ ಹತ್ತಿರ ನಮ್ಮನೆ. ಏನಾಗಿರಬಹುದು?

ಡಿಷ್‌ಬಲ್ಲವ:
ತೀರ್ಥಹಳ್ಳಿ ಅಂದಮೇಲೆ ಮತ್ತೇನು, ಕನೆಕ್ಟರ್ ಒಳಗೆ ನೀರು. ಎಲ್‌ಎನ್‌ಬಿ ಹತ್ತಿರ ಕೇಬಲ್ ತುದಿಗೆ ತಿರುಪಿರೋ ಎಫ್ ಕನೆಕ್ಟರ್ ಬಿಚ್ಚಿ ನೋಡಿ, ಒಳಗಿನ ತಂತಿ ಕಪ್ಪಾಗಿರುತ್ತೆ ಅಥವಾ ಹಸಿರು ಕಿಲುಬು ಹಿಡಿದಿರುತ್ತೆ. ತಾಮ್ರ ಹೊಳೆಯೋವರೆಗೂ ಕೇಬಲ್ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ.

ತುಂಗಾತೀರ:
ಮಳೆ ನಿಂತು ಎಂಟು ದಿನ ಆಯ್ತು ಸರ್. ಬಿಚ್ಚಿ ನೋಡಿದೆ, ಒಣಗಿದೆ, ಕಿಲುಬೂ ಇಲ್ಲ.

ಡಿಷ್‌ಬಲ್ಲವ:
ಹೊರಗೆ ಒಣಗಿದ್ದರೆ ಸಾಲದು. ನಡುವಿನ ತಂತಿಯ ಸುತ್ತ ಇರೋ ಹೆಣಿಗೆ ತಂತಿ ಬತ್ತಿಯ ಹಾಗೆ ನೀರು ಎಳೆದುಕೊಳ್ಳುತ್ತೆ, ಒಂದೆರಡು ಮೀಟರ್ ಒಳಗೂ ಹೋಗಿರುತ್ತೆ. ಹೊಸ ಕನೆಕ್ಟರ್ ಹಾಕುವಾಗ ಬಿಳಿ ಇನ್ಸುಲೇಶನ್ ಕನೆಕ್ಟರಿನ ಒಳತಳಕ್ಕೆ ಸಮ ಇರಬೇಕು, ನಡುವಿನ ತಂತಿ ಅಂಚಿನಿಂದ 2-3 ಮಿ.ಮೀ. ಹೊರಗೆ ಬರಬೇಕು. ಹೆಣಿಗೆಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್. ಕೇಬಲನ್ನು ಕೆಳಕ್ಕೆ ಒಂದು ಸುತ್ತು ಇಳಿಬಿಟ್ಟು ಆಮೇಲೆ ಮೇಲಕ್ಕೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಮೇಲೆ ಸಿಲಿಕೋನ್ ಬಳಿಯಿರಿ.

ಆರ್‌ಜಿ6:
ಸಿಲಿಕೋನ್ ಬಳಿಯಿರಿ ಅಂತ ಸುಮ್ಮನೆ ಹೇಳಬೇಡಿ. ವಿನೆಗರ್ ವಾಸನೆ ಬರೋ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ, ತಾಮ್ರವನ್ನೇ ತಿನ್ನುತ್ತೆ. ತನಗೆ ತಾನೇ ಅಂಟಿಕೊಳ್ಳೋ ರಬ್ಬರ್ ಟೇಪ್ ಸಿಗುತ್ತೆ, ಅದನ್ನ ಎಳೆದು ಎಳೆದು ಸುತ್ತಬೇಕು. ಮಾಮೂಲಿ ಕರಿ ಟೇಪ್ ಒಂದು ಬೇಸಿಗೆಗೆ ಬಿಟ್ಟುಕೊಳ್ಳುತ್ತೆ.

ಡಿಷ್‌ಬಲ್ಲವ:
ವಾಸನೆ ಇಲ್ಲದ ಸಿಲಿಕೋನೂ ಬರುತ್ತೆ ಗುರುಗಳೇ. ನಾನು ಹೇಳಿದ್ದು ಅದನ್ನೇ.

ಆರ್‌ಜಿ6:
ಹಾಗಿದ್ರೆ ಮೊದಲೇ ಬರೀಬೇಕಿತ್ತು. ಓದಿದವರು ಅಂಗಡಿಗೆ ಹೋಗಿ ಮೊದಲು ಸಿಕ್ಕಿದ್ದನ್ನೇ ತರ್ತಾರೆ.

ಕರಾವಳಿ_ಕೋಆಕ್ಸ್:
ಟೇಪಿನ ಜಗಳ ಆಮೇಲೆ. ತುಂಗಾತೀರ ಅವರೇ, ಮೆನುವಲ್ಲಿ ಸಿಗ್ನಲ್ ಪುಟ ತೆಗೆದು ಎರಡು ಅಂಕಿ ಬೇರೆ ಬೇರೆ ಹೇಳಿ: ಸ್ಟ್ರೆಂತ್ (ಸಿಗ್ನಲಿನ ಬಲ) ಎಷ್ಟು, ಕ್ವಾಲಿಟಿ (ಸಿಗ್ನಲ್ ಎಷ್ಟು ಶುದ್ಧ) ಎಷ್ಟು. ಒಡೆಯೋ ಚಾನೆಲ್‌ಗಳ ಟ್ರಾನ್ಸ್‌ಪಾಂಡರ್ (ಉಪಗ್ರಹದಲ್ಲಿ ಚಾನೆಲ್ ಗುಂಪು ಕಳಿಸೋ ಭಾಗ) ಮುಂದೆ ವಿ (ಲಂಬ ಅಲೆ) ಇದೆಯಾ, ಎಚ್ (ಅಡ್ಡ ಅಲೆ) ಇದೆಯಾ ಅಂತಲೂ ನೋಡಿ. ನೀರಿನ ತೊಂದರೆ ಆದರೆ ಎರಡು ಅಂಕಿಯೂ ಬೀಳುತ್ತೆ.

ತುಂಗಾತೀರ:
ಒಡೆಯೋ ಹೊತ್ತಲ್ಲಿ ಸ್ಟ್ರೆಂತ್ 82, ಕ್ವಾಲಿಟಿ 0. ಸರಿ ಇರೋ ಚಾನೆಲಲ್ಲಿ 82 / 74. ಒಡೆಯೋದೆಲ್ಲ ವಿ, ಸರಿ ಇರೋದೆಲ್ಲ ಎಚ್.

ಕರಾವಳಿ_ಕೋಆಕ್ಸ್:
ಮನೇಲಿ ಇನ್ನೊಂದು ಸೆಟ್‌ಟಾಪ್ ಬಾಕ್ಸ್ ಇದೆಯಾ?

ತುಂಗಾತೀರ:
ಇದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡು ಬರೆಯಲಿಲ್ಲ. ಅಪ್ಪ ಅಮ್ಮನ ರೂಮಿಗೆ ಹೋದ ತಿಂಗಳು ಹಾಕಿಸಿದ್ದು. ಒಂದೇ ಡಿಷ್, ಸ್ಪ್ಲಿಟರ್ ಹಾಕಿ ಎರಡು ಕಡೆ ಎಳೆದಿದ್ದೀವಿ. ಆದರೆ ಆ ಟಿವಿ ಆಫ್ ಇದ್ದಾಗಲೂ ಕೆಲವೊಮ್ಮೆ ಹಾಲ್‌ನ ಟಿವಿಯಲ್ಲಿ ಒಡೆಯುತ್ತೆ.

ಕರಾವಳಿ_ಕೋಆಕ್ಸ್:
ಅಲ್ಲೇ ಇರೋದು ತೊಂದರೆ. ಬಾಕ್ಸ್ ಇದೇ ಕೇಬಲಲ್ಲಿ ಎಲ್‌ಎನ್‌ಬಿಗೆ ಕರೆಂಟನ್ನೂ ಕಳಿಸುತ್ತೆ. 13 ವೋಲ್ಟ್ ಬಂದರೆ ಎಲ್‌ಎನ್‌ಬಿ ವಿ ಕಡೆಗೆ ತಿರುಗುತ್ತೆ, 18 ಬಂದರೆ ಎಚ್ ಕಡೆಗೆ. ಸಿಂಗಲ್ ಎಲ್‌ಎನ್‌ಬಿಗೆ ಒಂದು ಹೊತ್ತಿಗೆ ಒಂದೇ ಕಡೆ. ಸ್ಪ್ಲಿಟರಿನ ಎರಡೂ ಬಾಯಲ್ಲಿ ಕರೆಂಟ್ ಹಾಯುತ್ತಿದ್ದರೆ ಹೆಚ್ಚಿನ ವೋಲ್ಟೇಜೇ ಗೆಲ್ಲೋದು. ರೂಮಲ್ಲಿ ಎಚ್ ಚಾನೆಲ್ ಹಾಕಿದ ಕೂಡಲೇ ಹಾಲಿನ ವಿ ಚಾನೆಲ್ ಎಲ್ಲ ಹೋಯ್ತು. ಎಲ್‌ಎನ್‌ಬಿಯಿಂದ ಸಿಗ್ನಲ್ ಬರ್ತಾನೇ ಇರುತ್ತೆ, ಅದಕ್ಕೇ ಸ್ಟ್ರೆಂತ್ ಬೀಳಲ್ಲ.

ಟಿವಿ ಆಫ್ ಅಂದರೆ ಬಾಕ್ಸ್ ಆಫ್ ಅಲ್ಲ. ರಿಮೋಟಲ್ಲಿ ಆರಿಸಿದರೂ ಎಷ್ಟೋ ಬಾಕ್ಸ್‌ಗಳು ಕೊನೇ ಚಾನೆಲಿನ ವೋಲ್ಟೇಜ್ ಕಳಿಸ್ತಾನೇ ಇರ್ತಾವೆ. ಗೋಡೆ ಸ್ವಿಚ್ ಆರಿಸಿ ನೋಡಿ. ಖಚಿತ ಆಗಬೇಕಂದ್ರೆ ಎರಡೂ ಬಾಕ್ಸಿನ ಸ್ವಿಚ್ ಆರಿಸಿ, ರೂಮಿನ ಕೇಬಲನ್ನ ಸ್ಪ್ಲಿಟರಿಂದ ಕಳಚಿ, ಹಾಲಿನದು ಮಾತ್ರ ಹಾಕಿ ಪರೀಕ್ಷೆ ಮಾಡಿ. ಕರೆಂಟ್ ಇದ್ದಾಗ ಕನೆಕ್ಟರ್ ಬಿಚ್ಚಬೇಡಿ, ಶಾರ್ಟ್ ಆದರೆ ಬಾಕ್ಸ್ ಕೆಡಬಹುದು.

ಡಿಷ್‌ಬಲ್ಲವ:
ಇರಬಹುದು. ಆದರೂ ಆ ಕನೆಕ್ಟರ್ ಒಂದ್ಸಲ ಹೊಸದು ಮಾಡಿಬಿಡಿ.

ತುಂಗಾತೀರ:
ಸರ್, ಸಿಕ್ತು! ರೂಮಿನದು ಕಳಚಿದ ಮೇಲೆ ವಿ ಚಾನೆಲ್‌ಗಳ ಕ್ವಾಲಿಟಿ 71. ರಾತ್ರಿ ಮಲಗುವಾಗ ಅವರು ಗೋಡೆ ಸ್ವಿಚ್ಚೇ ಆರಿಸ್ತಾರೆ, ಸಂಜೆ ಧಾರಾವಾಹಿಗೆ ಹಾಕ್ತಾರೆ. ಬೆಳಗ್ಗೆ ಎಲ್ಲ ಸರಿ ಕಂಡಿದ್ದು ಅದಕ್ಕೇ. ಒಂದೇ ಬಾಯಲ್ಲಿ ಕರೆಂಟ್ ಹಾಯೋ ಸ್ಪ್ಲಿಟರ್ ಹಾಕಿದರೆ ಸಾಕಾ?

ಕರಾವಳಿ_ಕೋಆಕ್ಸ್:
ಸಾಲದು. ಆಗ ಹಾಲಲ್ಲಿ ಏನು ಹಾಕಿದ್ದೀರೋ ಆ ಕಡೆಯ ಚಾನೆಲ್ ಮಾತ್ರ ರೂಮಲ್ಲಿ ಬರುತ್ತೆ. ಸ್ಪ್ಲಿಟರ್ ಕಿತ್ತುಹಾಕಿ. ಟ್ವಿನ್ ಎಲ್‌ಎನ್‌ಬಿ ತಗೊಳ್ಳಿ, ಎರಡು ಬಾಯಿ, ಬಾಕ್ಸಿಗೊಂದು ಕೇಬಲ್. ಹಳೇದರ ಮೇಲಿರೋ ಎಲ್‌ಒ ಅಂಕಿ (ಒಳಗಿನ ಆಂದೋಲಕದ ಆವರ್ತನ) ಹೊಸದರಲ್ಲೂ ಅದೇ ಇರಲಿ. ಬಿಚ್ಚೋ ಮುಂಚೆ ಅದು ಎಷ್ಟು ಓರೆಯಾಗಿ ಕೂತಿದೆ ಅಂತ ಹಿಡಿಕೆ ಮೇಲೆ ಮಾರ್ಕರಲ್ಲಿ ಗೆರೆ ಎಳೆದುಕೊಳ್ಳಿ. ಆ ಓರೆ ತಪ್ಪಿದರೆ ವಿ, ಎಚ್ ಒಂದರೊಳಗೊಂದು ಬೆರೆತು ಮತ್ತೆ ಒಡೆಯುತ್ತೆ.

ಘಟ್ಟದಮೇಲೆ:
ಟ್ವಿನ್ ಯಾಕೆ, ನಾಲ್ಕು ಬಾಯಿಯ ಕ್ವಾಡ್ ಎಲ್‌ಎನ್‌ಬಿ ಹಾಕಿ. ನಮ್ಮಲ್ಲಿ ಒಂದು ಡಿಷ್, ಒಂದು ಕ್ವಾಡ್. ನಾಲ್ಕು ಟಿವಿ ಆರಾಮಾಗಿ ಓಡ್ತಾವೆ.

ಆರ್‌ಜಿ6:
ಕ್ವಾಡ್ ಕೇಳಿದರೆ ಅಂಗಡಿಯವರು ಕ್ವಾಟ್ರೋ ಕೊಟ್ಟುಬಿಡ್ತಾರೆ, ಹುಷಾರು. ಅದಕ್ಕೂ ನಾಲ್ಕೇ ಬಾಯಿ, ಆದರೆ ಮಲ್ಟಿಸ್ವಿಚ್ (ನಾಲ್ಕನ್ನೂ ಸೇರಿಸಿ ಬಾಕ್ಸ್‌ಗಳಿಗೆ ಹಂಚೋ ಸಾಧನ) ಇಲ್ಲದೆ ನೇರ ಬಾಕ್ಸಿಗೆ ಹಾಕಿದರೆ ಒಂದೊಂದು ಬಾಯಲ್ಲಿ ಕಾಲು ಭಾಗ ಚಾನೆಲ್ ಮಾತ್ರ.

ತುಂಗಾತೀರ:
ನಮಗೆ ಎರಡೇ ಟಿವಿ. ರೂಮಿಗೆ ಇನ್ನೊಂದು ಕೇಬಲ್ 35 ಮೀಟರ್ ಬೇಕು. ತಾಮ್ರದ್ದೇ ತಗೊಳ್ಳಬೇಕಾ?

ಆರ್‌ಜಿ6:
35 ಮೀಟರಿಗೆ ಪೂರ್ತಿ ತಾಮ್ರದ್ದೇ ಒಳ್ಳೇದು. ಅಂಗಡೀಲೇ ನಡುವಿನ ತಂತಿಗೆ ಅಯಸ್ಕಾಂತ ಹಿಡೀರಿ. ಅಂಟಿದರೆ ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ. ಚಿತ್ರದ ಸಿಗ್ನಲ್ ಮೇಲ್ಪದರದಲ್ಲೇ ಹರಿಯುತ್ತೆ, ಅದಕ್ಕೇನೂ ತೊಂದರೆ ಇಲ್ಲ. ಆದರೆ 18 ವೋಲ್ಟ್ ಡಿಸಿ ಇಡೀ ತಂತಿಯಲ್ಲಿ ಹರಿಯೋದು, ಉಕ್ಕಿನ ತಂತಿಯಲ್ಲಿ ವೋಲ್ಟೇಜ್ ಜಾಸ್ತಿ ಇಳಿಯುತ್ತೆ. ಬಾಕ್ಸಿನ ಅಡಾಪ್ಟರ್ ಹಳೇದಾಗಿ ಸೋತಿದ್ದರೆ ಆಗ ಎಚ್ ಚಾನೆಲ್‌ಗಳು ಕೈಕೊಡ್ತಾವೆ.

ಡಿಷ್‌ಬಲ್ಲವ:
ಸಿಗ್ನಲಿಗೆ ತೊಂದರೆ ಇಲ್ಲ ಅನ್ನೋದನ್ನ ಒಪ್ಪಲ್ಲ. ಆ ಲೇಪ ಒಂದು ಕಡೆ ಸುಲಿದರೆ ಮಲೆನಾಡ ತೇವಕ್ಕೆ ಉಕ್ಕು ತುಕ್ಕು ಹಿಡಿಯುತ್ತೆ. ಮತ್ತೆ ಕನೆಕ್ಟರಿಗೇ ಬಂದು ನಿಲ್ತೀವಿ.