ಎರಡೂ 0.1 ಮೋಲ್ ಇದ್ದಾಗ ಲಿಮಿಟಿಂಗ್ ರಿಯಾಕ್ಟೆಂಟ್ (ಮೊದಲು ಖಾಲಿ ಆಗೋ ವಸ್ತು) ಯಾವುದು?

ಪ್ರಶ್ನೆ:
2.7 ಗ್ರಾಂ ಅಲ್ಯೂಮಿನಿಯಂ, 7.1 ಗ್ರಾಂ ಕ್ಲೋರಿನ್ ಅನಿಲ. ಅಲ್ಯೂಮಿನಿಯಂ ಕ್ಲೋರೈಡ್ ಎಷ್ಟು ಸಿಗುತ್ತೆ ಅನ್ನೋದು ಲೆಕ್ಕ. ಸಮೀಕರಣದ ಪ್ರಕಾರ 2 ಮೋಲ್ (ಕಣಗಳ ಎಣಿಕೆಯ ಅಳತೆ) ಅಲ್ಯೂಮಿನಿಯಂಗೆ 3 ಮೋಲ್ ಕ್ಲೋರಿನ್ ಸೇರಿ 2 ಮೋಲ್ ಕ್ಲೋರೈಡ್ ಆಗುತ್ತೆ. ಗ್ರಾಂನಲ್ಲಿ ಕಡಿಮೆ ಇರೋದು ಅಲ್ಯೂಮಿನಿಯಂ ಅಂತ ಅದನ್ನೇ ಲಿಮಿಟಿಂಗ್ ಮಾಡ್ಕೊಂಡೆ, 13.35 ಗ್ರಾಂ ಬಂತು. ಸರಿ ಉತ್ತರ 8.9 ಅಂತೆ. ಮೋಲ್ ಮಾಡಿ ನೋಡಿದ್ರೆ ಎರಡೂ 0.1! ಸಮ ಇದ್ರೆ ಯಾವುದನ್ನ ಹಿಡಿಯೋದು?

ಉತ್ತರ 1:
ಮೋಲನ್ನ ಸಹಗುಣಕದಿಂದ, ಅಂದ್ರೆ ಸಮೀಕರಣದಲ್ಲಿ ಆ ವಸ್ತುವಿನ ಮುಂದಿರೋ ಸಂಖ್ಯೆಯಿಂದ ಭಾಗಿಸಿ. 0.1/2 = 0.05, 0.1/3 = 0.033. ಚಿಕ್ಕದು ಕ್ಲೋರಿನ್, ಅದೇ ಲಿಮಿಟಿಂಗ್.

ಉತ್ತರ 2:
ಮೇಲಿನ ದಾರಿ ಸರಿ, ಬೇಗನೂ ಆಗುತ್ತೆ. ಆದ್ರೆ ಕಾರಣ ಗೊತ್ತಿಲ್ಲದೆ ಕಲಿತ್ರೆ ಭಾಗಿಸೋದೋ ಗುಣಿಸೋದೋ ಅಂತ ಪರೀಕ್ಷೆಯಲ್ಲಿ ಗೊಂದಲ ಆಗುತ್ತೆ. ನನಗೆ ಹಾಗೇ ಆಗಿತ್ತು, ಒಂದಿಡೀ ಪ್ರಶ್ನೆಯ ಅಂಕ ಹೋಯ್ತು. ಆಮೇಲಿಂದ ಒಂದೇ ಪ್ರಶ್ನೆ ಕೇಳ್ಕೋತೀನಿ: ಇರೋ ಅಲ್ಯೂಮಿನಿಯಂ ಪೂರ್ತಿ ಮುಗೀಬೇಕಾದ್ರೆ ಕ್ಲೋರಿನ್ ಎಷ್ಟು ಬೇಕು? 2ಕ್ಕೆ 3 ಅಂದ್ಮೇಲೆ 0.1ಕ್ಕೆ 0.15 ಮೋಲ್. ಇರೋದು 0.1. ಸಾಲಲ್ಲ. ಹಾಗಾಗಿ ಮೊದಲು ಖಾಲಿ ಆಗೋದು ಕ್ಲೋರಿನ್. ಮೋಲ್ ಸಮ ಇದ್ದ ಮಾತ್ರಕ್ಕೆ ಅಗತ್ಯ ಸಮ ಅಲ್ಲ.

ಇನ್ನು ಮುಂದಿನದೆಲ್ಲ ಕ್ಲೋರಿನ್ ಲೆಕ್ಕದಲ್ಲೇ ಮಾಡಿ. 3ಕ್ಕೆ 2 ಅಂದ್ರೆ 0.0667 ಮೋಲ್ ಕ್ಲೋರೈಡ್, ಅದರ ಒಂದು ಮೋಲ್ ತೂಕ 133.5ರಿಂದ ಗುಣಿಸಿದ್ರೆ 8.9 ಗ್ರಾಂ. ಅಲ್ಯೂಮಿನಿಯಂ 0.0333 ಮೋಲ್, ಅಂದ್ರೆ 0.9 ಗ್ರಾಂ ಉಳಿಯುತ್ತೆ.

ದಯವಿಟ್ಟು ಇದೊಂದು ಬಿಡಬೇಡಿ: ಕೊನೆಗೆ ತೂಕ ಕೂಡಿಸಿ. 8.9 ಮತ್ತು 0.9 ಸೇರಿ 9.8. ಹಾಕಿದ್ದೂ 2.7 ಮತ್ತು 7.1, ಒಟ್ಟು 9.8. ನಿಮ್ಮ 13.35 ಹಾಕಿದ್ದಕ್ಕಿಂತಲೇ ಜಾಸ್ತಿ ಇತ್ತು. ತಪ್ಪು ಅಲ್ಲೇ ಸಿಕ್ಕಿಬೀಳ್ತಿತ್ತು.

ಪ್ರಶ್ನೆ ಕೇಳಿದವರು:
ಕೂಡಿಸಿ ನೋಡೋದು ಹೊಳೆದೇ ಇರ್ಲಿಲ್ಲ, ತುಂಬಾ ಥ್ಯಾಂಕ್ಸ್. ಈಗ ಅಮೋನಿಯಾ ಲೆಕ್ಕ ಮಾಡಿದೆ, 14 ಗ್ರಾಂ ನೈಟ್ರೋಜನ್, 4 ಗ್ರಾಂ ಹೈಡ್ರೋಜನ್. ಇಲ್ಲಿ 1ಕ್ಕೆ 3, ಹಾಗಾಗಿ 0.5 ಮೋಲ್ ನೈಟ್ರೋಜನ್‌ಗೆ 1.5 ಮೋಲ್ ಹೈಡ್ರೋಜನ್ ಸಾಕು, ಇರೋದು 2. ಅಮೋನಿಯಾ 17 ಗ್ರಾಂ, ಉಳಿದ ಹೈಡ್ರೋಜನ್ 1 ಗ್ರಾಂ. ಒಟ್ಟು 18, ತಾಳೆ ಆಯ್ತು. ಆದ್ರೆ 14 ಗ್ರಾಂ ಇದ್ದದ್ದು ಮುಗಿದು 4 ಗ್ರಾಂ ಇದ್ದದ್ದು ಉಳಿಯುತ್ತಾ?

ಉತ್ತರ 2:
ಹೌದು, ಉಳಿಯುತ್ತೆ. ಹೈಡ್ರೋಜನ್ ಅಷ್ಟು ಹಗುರ, 2 ಗ್ರಾಂಗೇ ಒಂದು ಮೋಲ್. ನೈಟ್ರೋಜನ್‌ಗೆ 28 ಗ್ರಾಂ ಬೇಕು.