ಕಾರ್ಬನ್ ಜಾಸ್ತಿ ಮಾಡಿದರೂ ಪಾದರಸ ಇಳಿಯುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಮ್ಮದು ಕಲ್ಲಿದ್ದಲು ಘಟಕ, ಇಎಸ್‌ಪಿ (ಹೊಗೆಯ ಬೂದಿಗೆ ವಿದ್ಯುತ್ ಚಾರ್ಜ್ ಕೊಟ್ಟು ಪ್ಲೇಟಿಗೆ ಎಳೆಯುವ ಯಂತ್ರ) ಇದೆ, ಬ್ಯಾಗ್ ಫಿಲ್ಟರ್ ಇಲ್ಲ. ಗಂಧಕ ಕಡಿಮೆ ಇರುವ ಕಲ್ಲಿದ್ದಲು ಬಂದ ಮೇಲೆ ಚಿಮಣಿಯಲ್ಲಿ ಬೂದಿ ಜಾಸ್ತಿಯಾಯಿತು, ಅದಕ್ಕೆ ಬೂದಿಯ ವಿದ್ಯುತ್ ತಡೆ ಇಳಿಯಲಿ ಎಂದು ಎಸ್‌ಒ3 (ಸಲ್ಫರ್ ಟ್ರೈಆಕ್ಸೈಡ್) ಬಿಡತೊಡಗಿದೆವು. ಬೂದಿ ಹಿಡಿತಕ್ಕೆ ಬಂತು, ಆದರೆ ಪಾದರಸ ಏರಿತು. ಪಾದರಸ ಹಿಡಿಯಲು ಗ್ಯಾಸಿಗೆ ಊದುವ, ಬ್ರೋಮಿನ್ ಸೇರಿಸಿದ ಕಾರ್ಬನ್ ಪುಡಿಯನ್ನು ದುಪ್ಪಟ್ಟು ಮಾಡಿದರೂ ಮೀಟರ್ ಅಲುಗಾಡುತ್ತಿಲ್ಲ. ಲ್ಯಾನ್ಸ್ (ಕಾರ್ಬನ್ ಊದುವ ಕೊಳವೆ) ಬಿಚ್ಚಿ ನೋಡಿದೆವು, ತುದಿ ಕಟ್ಟಿಕೊಂಡಿಲ್ಲ.

ಉತ್ತರ: ಕಾರ್ಬನ್ ಬಿಡುವ ಕಡೆ ಗ್ಯಾಸ್ ಎಷ್ಟು ಬಿಸಿ ಇದೆ? 175 ಡಿಗ್ರಿ ದಾಟಿದರೆ ಪಾದರಸ ಸರಿಯಾಗಿ ಅಂಟುವುದಿಲ್ಲ. ಎಸ್‌ಒ3 ಎಲ್ಲಿ ಬಿಡುತ್ತಿದ್ದೀರಿ?

ಪ್ರಶ್ನೆ: 148 ಡಿಗ್ರಿ. ಎರಡನ್ನೂ ಬಿಡುವುದು ಏರ್ ಪ್ರೀಹೀಟರ್ (ಹೊಗೆಯ ಬಿಸಿಯಿಂದ ಬಾಯ್ಲರಿಗೆ ಹೋಗುವ ಗಾಳಿ ಕಾಯಿಸುವ ಯಂತ್ರ) ಆದ ಮೇಲೆಯೇ ಸರ್. ಮೊದಲು ಎಸ್‌ಒ3, ಏಳೆಂಟು ಮೀಟರ್ ಆಚೆ ಕಾರ್ಬನ್.

ಉತ್ತರ: ಹಾಗಾದರೆ ಅಲ್ಲೇ ಇದೆ ನೋಡಿ. ಕಾರ್ಬನ್ ಮೈಮೇಲೆ ಪಾದರಸ ಕೂರಬೇಕಾದ ಜಾಗದಲ್ಲಿ ಎಸ್‌ಒ3 ಬಂದು ಕೂರುತ್ತಿದೆ. ಗ್ಯಾಸಿನಲ್ಲಿ ಪಾದರಸ ಇರುವುದು ಘನ ಮೀಟರಿಗೆ ಕೆಲವೇ ಮೈಕ್ರೋಗ್ರಾಂ, ನೀವು ಬಿಡುವ ಎಸ್‌ಒ3 ಮಿಲಿಗ್ರಾಂ ಲೆಕ್ಕದ್ದು, ಪಾದರಸಕ್ಕೆ ಜಾಗ ಸಿಗುವುದಾದರೂ ಹೇಗೆ? ಇನ್ನೂ ಕಾರ್ಬನ್ ಸುರಿದರೆ ಸುಮ್ನೆ ದುಡ್ಡು ದಂಡ. ಜೊತೆಗೆ ಕಾರ್ಬನ್ ಕಣ ಪ್ಲೇಟಿಗೆ ತಾಗಿದ ಕೂಡಲೇ ಚಾರ್ಜ್ ಕಳೆದುಕೊಂಡು ಮತ್ತೆ ಗ್ಯಾಸಿಗೇ ಹಾರುತ್ತದೆ, ಆ ಬೂದಿಯನ್ನು ಕಾಂಕ್ರೀಟಿಗೆ ಕೊಳ್ಳುವವರೂ ಹಿಂಜರಿಯುತ್ತಾರೆ.

ಮೊದಲು ಇದು ಹೌದೋ ಅಲ್ಲವೋ ನೋಡಿಕೊಳ್ಳಿ. ಕಾರ್ಬನ್ ಮುಟ್ಟಬೇಡಿ, ಎಸ್‌ಒ3 ಮಾತ್ರ ಅರ್ಧಕ್ಕೆ ಇಳಿಸಿ, ಕೆಲವು ಗಂಟೆ ಕಾಯಿರಿ.

ಇನ್ನೊಂದು ಮಾತು. ಬೂದಿಯ ವಿದ್ಯುತ್ ತಡೆ ತೀರಾ ಜಾಸ್ತಿ ಇರುವುದೇ 150 ಡಿಗ್ರಿಯ ಆಸುಪಾಸಿನಲ್ಲಿ, ನೀವು ಸರಿಯಾಗಿ ಅಲ್ಲೇ ನಿಂತಿದ್ದೀರಿ. ಹತ್ತು ಹನ್ನೆರಡು ಡಿಗ್ರಿ ಇಳಿದರೆ ಬೂದಿಗೂ ಒಳ್ಳೆಯದು, ಪಾದರಸಕ್ಕೂ ಒಳ್ಳೆಯದು. ಏರ್ ಪ್ರೀಹೀಟರ್ ಮಸಿ ಕಟ್ಟಿದೆಯಾ ನೋಡಿ. ತೀರಾ ಇಳಿಸಬೇಡಿ, ಆಸಿಡ್ ಹನಿಗಟ್ಟಿ ಡಕ್ಟ್ ತಿಂದುಹಾಕುತ್ತದೆ.

ಇನ್ನೊಬ್ಬರು: ಇಷ್ಟಕ್ಕೂ ಬಗ್ಗದಿದ್ದರೆ ಕಾರ್ಬನ್ ಲ್ಯಾನ್ಸನ್ನು ಪ್ರೀಹೀಟರ್‌ಗೆ ಮುಂಚೆಯೇ ಹಾಕಿ. ಎಸ್‌ಒ3 ಎದುರಾಗುವ ಮೊದಲು ಗ್ಯಾಸಿನಲ್ಲಿ ಚೆನ್ನಾಗಿ ಬೆರೆಯಲು ಹೊತ್ತು ಸಿಗುತ್ತದೆ. ನಮ್ಮಲ್ಲಿ ಕೊನೆಗೆ ಕೈಹಿಡಿದದ್ದು ಅದೇ.

ಪ್ರಶ್ನೆ: ನಿಮ್ಮ ಊಹೆ ಸರಿ ಸರ್. ಎಸ್‌ಒ3 ಇಳಿಸಿದ ಮೂರನೇ ಗಂಟೆಗೆ ಪಾದರಸ ಇಳಿಯತೊಡಗಿತು. ಪ್ರೀಹೀಟರ್ ಬುಟ್ಟಿಗಳಲ್ಲಿ (ಶಾಖ ಹಿಡಿಯುವ ತಗಡಿನ ಕಟ್ಟುಗಳಲ್ಲಿ) ಬೆರಳು ದಪ್ಪ ಬೂದಿ ಗಟ್ಟಿಯಾಗಿ ಕೂತಿತ್ತು. ತೊಳೆದ ಮೇಲೆ 137 ಡಿಗ್ರಿ. ಕಾರ್ಬನ್ ಹಳೆಯ ಮಟ್ಟಕ್ಕೇ ತಂದಿದ್ದೇವೆ. ಈಗ ಉಳಿದಿರುವುದು, ರ್‍ಯಾಪಿಂಗ್ (ಬೂದಿ ಉದುರಲು ಪ್ಲೇಟಿಗೆ ಸುತ್ತಿಗೆ ಬಡಿಯುವ) ಹೊತ್ತಿಗೆ ಚಿಮಣಿಯಿಂದ ಒಂದು ಕಪ್ಪು ಉಸಿರು.

ಉತ್ತರ: ಅದು ಇಎಸ್‌ಪಿಯ ಕೊನೆಯ ಫೀಲ್ಡಿನ (ಕೊನೆಯ ವಿಭಾಗದ) ನುಣ್ಣನೆಯ ಧೂಳು, ಎದೆಗೆ ಜಾಸ್ತಿ ಕೆಟ್ಟದ್ದು ಅದೇ. ಅಲ್ಲಿ ಸುತ್ತಿಗೆ ಬಡಿತದ ನಡುವೆ ಹೊತ್ತು ಜಾಸ್ತಿ ಕೊಡಿ, ಎಲ್ಲ ಸಾಲನ್ನೂ ಒಟ್ಟಿಗೆ ಬಡಿಯಬೇಡಿ.